ಜಗಲಿಯ ಮೇಲಿನ ಕಾನು

ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳಲ್ಲಿ ಕಾಡುಗಿಡಗಳು ಬೆಳೆಯುತ್ತವೆ ಎಂಬುದನ್ನು ಸರ್ಕಾರ ತಾತ್ವಿಕವಾಗಿ ಒಪ್ಪಿಕೊಂಡಿದೆ. ಆದರೆ ಯಾವ ಗಿಡ ಯಾವ ಜಾಗದಲ್ಲಿದೆ ಎಂಬ ಬಗ್ಗೆ ಅಧಿಕೃತ ದಾಖಲೆ ಇಲ್ಲದ್ದರಿಂದ ಅವು ಇಷ್ಟು ಕಾಲ ತಮಗೆ ತೋಚಿದಲ್ಲಿ ಬೆಳೆದುಕೊಂಡು ಬಂದಿದ್ದವು. ಈ ಅಶಿಸ್ತನ್ನು ಕೊನೆಗಾಣಿಸಲು ಸೊರಬದಲ್ಲಿ ‘ಕಾಡುಗಿಡ ನೆಲೆ ದಾಖಲಾತಿ ಕೇಂದ್ರ’ ತೆರೆಯಲಾಯಿತು. ಬಾಗಿಲು ಮುಚ್ಚಿ ಬಿದ್ದಿದ್ದ ಬೀಜದ ಗೋದಾಮೊಂದಕ್ಕೆ ಸುಣ್ಣ ಹೊಡೆದು, ಮುಂದಿನ ಜಗಲಿಯಲ್ಲಿ ಮೇಜು ಹಾಕಿ, ಮೇಜಿನ ಮೇಲೆ ಒಂದು ಟ್ಯಾಬ್ ಇಟ್ಟರು. ಎರಡೂ ತಾಲ್ಲೂಕಿನ ಹಸಿರೆಲ್ಲ ಆ ಟ್ಯಾಬಿನೊಳಗೆ ಸೇರಬೇಕೆಂದು ಆದೇಶವಾಗಿತ್ತು.

ಜಡೆ ಕಡೆಯ ತಾರೆಕೊಪ್ಪ ಎಂಬ ಸಣ್ಣ ಊರಿಗೆ ಈ ವಿಷಯ ತಿಳಿದದ್ದು ಪಂಚಾಯ್ತಿ ಗೋಡೆಗೆ ಅಂಟಿಸಿದ ಪ್ರಕಟಣೆಯಿಂದ. “ಸಾರ್ವಜನಿಕರ ಗಮನಕ್ಕೆ ತರುವುದೇನೆಂದರೆ, ನಿಗದಿತ ಅವಧಿಯೊಳಗೆ ಒಂದಾದರೂ ಕಾಡುಗಿಡ ದಾಖಲಾಗದ ಪ್ರದೇಶವನ್ನು ಸಸ್ಯರಹಿತ ಪ್ರದೇಶವೆಂದು ಘೋಷಿಸಿ, ಹಸಿರೀಕರಣಕ್ಕಾಗಿ ಅರ್ಹರಿಗೆ ವಹಿಸಿಕೊಡಲಾಗುವುದು. ತಕರಾರುಗಳಿದ್ದಲ್ಲಿ ಗಿಡಸಮೇತ ಸಲ್ಲಿಸತಕ್ಕದ್ದು.”

ಇದನ್ನು ನಿಂತು ಓದಿದವಳು ವನಜಮ್ಮ ಒಬ್ಬಳೇ. ಉಳಿದವರು ಹಾಲಿನ ಡೇರಿಗೆ ಹೋಗುವ ಅವಸರದಲ್ಲಿದ್ದರು. ತಾರೆಕೊಪ್ಪದ ಹಿಂದೆ ಒಂದು ಕಾನಿದೆ. ಹಿಂದಿನವರು ಚೌಡಮ್ಮನ ಹೆಸರು ಹೇಳಿ, ಕೊಡಲಿ ಮುಟ್ಟಿಸದೆ ಬಿಟ್ಟುಕೊಂಡು ಬಂದ ದಟ್ಟ ಕಾಡು ಅದು. ಮಳೆಗಾಲದಲ್ಲಿ ಅಲ್ಲಿಂದ ಉಪ್ಪಾಗೆ ಹಣ್ಣು ಆರಿಸಿ ತಂದು ಸಿಪ್ಪೆ ಒಣಗಿಸಿ ಮಾರಿಯೇ ವನಜಮ್ಮ ಮನೆಗೆ ಹಂಚು ಹೊದಿಸಿದ್ದಳು. ಅದಕ್ಕಿಂತ ಹೆಚ್ಚಾಗಿ, ಕಾನಿನ ಬುಡದಲ್ಲಿ ಬೇಸಿಗೆಯಲ್ಲೂ ಬತ್ತದ ಒರತೆಯೊಂದಿದ್ದು, ಆ ನೀರು ಪೈಪಿನಲ್ಲಿ ತಾನಾಗಿ ಇಳಿದು ಊರ ತೊಟ್ಟಿಗೆ ಬೀಳುತ್ತಿತ್ತು. ಅದಕ್ಕೆ ಮೋಟಾರು ಬೇಡ, ಕರೆಂಟು ಬೇಡ, ಯಾವ ಎಂಜಿನಿಯರ್ ಕೈಕಾಲು ಹಿಡಿಯುವುದೂ ಬೇಡ. ಕಾನು ಹೋದರೆ ಊರಿಗೆ ನೀರಿಲ್ಲ ಎಂಬುದು ತಾರೆಕೊಪ್ಪದಲ್ಲಿ ತೊಟ್ಟಿಲ ಕೂಸಿಗೂ ಗೊತ್ತಿದ್ದ ಮಾತು.

ಅವಳು ನೇರ ಹೂವಪ್ಪನ ಮನೆಗೆ ಹೋದಳು. ಹೂವಪ್ಪ ಅವಳ ಗಂಡನ ಅಣ್ಣ, ಕಾನಿನ ವಿಷಯಕ್ಕೆ ಊರಿನ ಯಜಮಾನ. ಆತ ಎಲೆ ಅಡಿಕೆ ಮೆಲ್ಲುತ್ತಾ ಕೇಳಿಸಿಕೊಂಡು ನಕ್ಕ.

“ನಮ್ ಕಾನಾಗೆ ಗಿಡ ಇಲ್ಲ ಅಂತ ಯಾವ ಕುರುಡ ಬರೀತಾನೆ ವನಜಾ? ರೋಡಿನ ಮೇಲೆ ನಿಂತ್ರೂ ಕಾಣ್ತೈತಲ್ಲ.”

“ಕಾಣಾದು ಬ್ಯಾರೆ, ಕಾಗದದಾಗೆ ಇರಾದು ಬ್ಯಾರೆ ಭಾವ. ರೇಷನ್ ಕಾರ್ಡಾಗೆ ನಾನು ಸತ್ತಿದ್ದೆ, ಮರ್ತ್ರಾ? ನಿಮ್ಮೆದುರೇ ಓಡಾಡ್ತಿದ್ದೆ, ಆದ್ರೂ ಅಕ್ಕಿ ಕೊಡಲಿಲ್ಲ.”

ಹೂವಪ್ಪ ಎದ್ದು ಹೋಗಿ ಬಾಯಿಯ ಎಲೆ ಅಡಿಕೆ ಉಗಿದು ಬಂದ. ವನಜಮ್ಮ ಸತ್ತಿದ್ದ ಕಾಲದಲ್ಲಿ ಅವಳನ್ನು ಬದುಕಿಸಲು ಆತನೂ ಸೊರಬಕ್ಕೆ ಅಲೆದವನೇ. ಮರುದಿನ ಇಬ್ಬರೂ ಜಡೆ ಬಸ್ಸು ಹತ್ತಿದರು.

ಕೇಂದ್ರದ ಮುಖ್ಯಾಧಿಕಾರಿ ತಿಪ್ಪೇಶ ಶಿಕಾರಿಪುರದವರು. ಅವರು ಹುಟ್ಟಿದಾರಭ್ಯ ಕಾಡಿನೊಳಗೆ ಕಾಲಿಟ್ಟವರಲ್ಲ, ಮತ್ತು ಅದನ್ನು ಮುಚ್ಚಿಡುವ ಸಣ್ಣತನ ಅವರಲ್ಲಿರಲಿಲ್ಲ. ಕಾಡು ಕಂಡವರಿಗೆ ಕಾಡಿನ ಮೇಲೆ ಒಲವು ಹುಟ್ಟುತ್ತದೆ, ಒಲವಿರುವವರು ನಿಷ್ಪಕ್ಷಪಾತವಾಗಿ ಸಮೀಕ್ಷೆ ಮಾಡಲಾರರು ಎಂದು ಅವರು ಉದ್ಘಾಟನೆಯ ದಿನವೇ ಭಾಷಣ ಮಾಡಿ ಚಪ್ಪಾಳೆ ಗಿಟ್ಟಿಸಿದ್ದರು.

“ಸರ್, ನಮ್ಮೂರ ಕಾನು ನೋಡಕ್ಕೆ ಯಾವಾಗ ಬರ್ತೀರಿ?” ಎಂದು ವನಜಮ್ಮ ಕೇಳಿದಳು.

“ನಾವು ಬರಾಂಗಿಲ್ರೀ ಅಮ್ಮ. ಬ್ಯಾಸಗ್ಯಾಗ ಉಣುಗು ಇರ್ತಾವ, ಕಡಿದ್ರ ಮಂಗನ ಕಾಯಿಲೆ. ಕ್ಯಾಸನೂರು ಇಲ್ಲೇ ಐತಿ, ಗೊತ್ತಲ್ಲ. ಮಳಿಗಾಲದಾಗ ರಕ್ತ ಹೀರೋ ಉಂಬಳ. ಚಳಿಗಾಲದಾಗ ಸಿಬ್ಬಂದಿ ರಜಾ ಉಳಿಸಿಕೊಂಡಿರ್ತಾರ, ಅದನ್ನ ಮುಗಿಸ್ಬೇಕು. ಸಿಬ್ಬಂದಿ ಜೀವ ಮುಖ್ಯ ಅಲ್ಲೇನ್ರಿ?”

“ನಾವು ದಿನಾ ಹೋಗ್ತೀವಲ್ಲ ಸರ್.”

“ನೀವು ಸಿಬ್ಬಂದಿ ಅಲ್ಲಲ್ರೀ,” ಎಂದು ತಿಪ್ಪೇಶ ಸಮಾಧಾನದಿಂದಲೇ ತಿಳಿಸಿಕೊಟ್ಟರು.

“ಹಂಗಾದ್ರೆ ಸಮೀಕ್ಷೆ ಹೆಂಗೆ ಮಾಡ್ತೀರಿ?”

“ಗಿಡಾನೇ ಖುದ್ದು ಹಾಜರಾಗ್ಬೇಕು. ಬೇರುಸಹಿತ.”

ಇದನ್ನು ಬೇರೆ ದೇಶದಲ್ಲಿ ಹೇಳಿದ್ದರೆ ಜನ ನಗುತ್ತಿದ್ದರೋ ಏನೋ. ವನಜಮ್ಮನಿಗೆ ನಗು ಬರಲಿಲ್ಲ. ಅವಳ ಅತ್ತೆ ಬದುಕಿದ್ದಾಳೆಂದು ತೋರಿಸಲು ವರ್ಷಕ್ಕೊಮ್ಮೆ ಪ್ಲಾಸ್ಟಿಕ್ ಕುರ್ಚಿ ಸಮೇತ ಹೊತ್ತೊಯ್ದು ಬ್ಯಾಂಕಿನ ಮೆಟ್ಟಿಲ ಮೇಲೆ ಇಳಿಸುತ್ತಿದ್ದರು. ಬೆರಳ ಗೆರೆ ಸವೆದು ಹೋದ ಮುದುಕರು ರೇಷನ್ ಅಂಗಡಿಯ ಯಂತ್ರದ ಮುಂದೆ ಒಂದೊಂದೇ ಬೆರಳು ಒತ್ತಿ ಒತ್ತಿ ತಾವು ತಾವೇ ಎಂದು ಒಪ್ಪಿಸಿ ಬರುತ್ತಿದ್ದರು. ಮನುಷ್ಯರಿಗೇ ಹಾಜರಿ ತಪ್ಪಿದ್ದಲ್ಲ, ಇನ್ನು ಗಿಡದ್ದೇನು ಹೆಚ್ಚು ಎಂದುಕೊಂಡು ಇಬ್ಬರೂ ಊರಿಗೆ ಮರಳಿದರು.

ಮರಗಳ ವಿಷಯದಲ್ಲಿ ಮಾತ್ರ ಕೇಂದ್ರವು ಮಾನವೀಯತೆ ತೋರಿತ್ತು. ನಿಯಮಾವಳಿಯ ಪ್ರಕಾರ, ವಯಸ್ಸು ಅಥವಾ ಗಾತ್ರದ ಕಾರಣ ಸ್ಥಳ ಬಿಟ್ಟು ಬರಲಾಗದ ಮರಗಳು ತಮ್ಮ ಪರವಾಗಿ ಒಂದು ಕೊಂಬೆಯನ್ನು ಅಧಿಕೃತ ಪ್ರತಿನಿಧಿಯಾಗಿ ಕಳಿಸಬಹುದಿತ್ತು. ಕೊಂಬೆಯ ಜೊತೆಗೆ, ಸದರಿ ಮರವು ನಡೆಯಲು ಅಶಕ್ತವಾಗಿದೆ ಎಂದು ಪಂಚಾಯ್ತಿಯಿಂದ ದೃಢೀಕರಣ ತರಬೇಕು. ಪಂಚಾಯ್ತಿಯವರು ಒಂದೊಂದು ಮರಕ್ಕೂ ಕಾಣಿಕೆ ತೆಗೆದುಕೊಂಡು ಬರೆದುಕೊಟ್ಟರು. ದೇವರು ವರ ಕೊಟ್ಟರೂ ಪೂಜಾರಿ ಕೊಡನಂತೆ, ಆದರೆ ಈ ಪೂಜಾರಿಗಳು ದಕ್ಷಿಣೆ ಬಿದ್ದ ಕೂಡಲೇ ಕೊಟ್ಟರು ಎಂಬುದನ್ನು ಒಪ್ಪಿಕೊಳ್ಳಬೇಕು.

ಉಪ್ಪಾಗೆ, ಮುರುಗಲು, ರಾಮಪತ್ರೆ, ಹಾಲುಮಡ್ಡಿ ಮರಗಳ ಪ್ರತಿನಿಧಿಗಳು ಬಸ್ಸಿನ ಟಾಪಿನ ಮೇಲೆ ಹೊರಟವು. ಕಾಡುಮೆಣಸಿನ ಬಳ್ಳಿ, ಸೀತೆದಂಡೆ, ಜರಿಗಿಡ ಮೊದಲಾದವು ಬೇರುಸಹಿತ ಬುಟ್ಟಿಯಲ್ಲಿ ಕುಳಿತವು. ಚೌಡಮ್ಮನ ಕಲ್ಲಿನ ಹತ್ತಿರದ ಗಿಡ ಕೀಳುವಾಗ ವನಜಮ್ಮ ಚಾಚಿದ ಕೈ ಹಿಂದಕ್ಕೆ ತೆಗೆದಳು. ಇಷ್ಟು ವರ್ಷ ಅಲ್ಲಿ ಒಂದು ಕಡ್ಡಿ ಮುರಿದವಳಲ್ಲ. ಆದರೂ ಕಾನು ಉಳಿಯಲಿ ಅಂತ ತಾನೇ ಎಂದು ದೇವರಿಗೆ ಕೈ ಮುಗಿದು ಕಿತ್ತಳು.

ಜಗಲಿಯಲ್ಲಿ ಟ್ಯಾಬ್ ಹಿಡಿದು ಕೂತಿದ್ದ ಹುಡುಗಿಯ ಹೆಸರು ಮೈತ್ರಿ. ಗುತ್ತಿಗೆ ಕೆಲಸದವಳು. ಅವಳು ಗಿಡಗಳನ್ನು ಗೋಡೆಗೆ ಒರಗಿಸಿ ಒಂದೊಂದರದ್ದೂ ಪಾಸ್‌ಪೋರ್ಟ್ ಅಳತೆಯ ಫೋಟೊ ತೆಗೆದಳು. ವನಜಮ್ಮ ಕತ್ತು ಚಾಚಿ ಟ್ಯಾಬಿನಲ್ಲಿ ಮೂಡಿದ್ದನ್ನು ಓದಿದಳು. ಗಿಡದ ಹೆಸರು, ಉಪ್ಪಾಗೆ. ನೆಲೆ, ಕೇಂದ್ರದ ಜಗಲಿ, ಸೊರಬ ಪಟ್ಟಣ.

“ತಂಗಿ, ಇದು ತಾರೆಕೊಪ್ಪದ ಕಾನಿಂದು. ಅದನ್ನ ಬರಿ.”

“ಜಾಗ ನಾನು ಬರೆಯೋದಲ್ಲ ಅಮ್ಮ. ಫೋಟೊ ಎಲ್ಲಿ ತೆಗೆದ್ವೋ ಆ ಜಾಗನ ಟ್ಯಾಬ್ ತಾನೇ ತಗೊಳ್ತದೆ. ಮೇಲೆ ಉಪಗ್ರಹದಿಂದ ಬರೋದು, ಅಳಿಸೋಕೆ ಆಗಲ್ಲ.”

ವನಜಮ್ಮ ತಿಪ್ಪೇಶರ ಮುಂದೆ ಹೋಗಿ ನಿಂತಳು. ಕೈಯಲ್ಲಿ ಜಾಗದ ಹೆಸರು ಬರೆಯಲು ಬಿಟ್ಟರೆ ಭ್ರಷ್ಟಾಚಾರಕ್ಕೆ ದಾರಿಯಾಗುತ್ತದೆ ಎಂದು ಅವರು ಹೇಳಿದರು. ಹಾಗಾದರೆ ಟ್ಯಾಬನ್ನೇ ಊರಿಗೆ ಕಳಿಸಿ, ನಾವೇ ಹೊತ್ತುಕೊಂಡು ಹೋಗಿ ಬರುತ್ತೇವೆ ಎಂದಳು. ಟ್ಯಾಬಿಗೆ ವಿಮೆ ಇರುವುದು ಜಗಲಿಯ ಮಟ್ಟಿಗೆ, ಮೆಟ್ಟಿಲು ಇಳಿದರೆ ವಿಮೆ ಇಲ್ಲ ಎಂದು ಅವರು ತಿಳಿಸಿದರು.

“ಮತ್ತೆ ನಮ್ ಕಾನು ಉಳಿಯೋದು ಹೆಂಗೆ ಸರ್?”

ತಿಪ್ಪೇಶ ಕೆಟ್ಟವರಲ್ಲ. ಬಂದವರನ್ನು ಬರಿಗೈಯಲ್ಲಿ ಕಳಿಸಿದರು ಎಂದು ಅವರ ಮೇಲೆ ಯಾರ ದೂರೂ ಇಲ್ಲ. ಅವರು ಫ್ಯಾನು ಜೋರು ಮಾಡಿ, “ಒಂದ್ ಕೆಲಸ ಮಾಡ್ರಿ. ಇನ್ನೂ ಹೆಚ್ಚಿಗಿ ತರ್ರಿ. ರಾಶಿ ದೊಡ್ಡದಾದ್ರ ಮ್ಯಾಲಿನವರ ಕಣ್ಣಿಗೆ ಬೀಳ್ತೈತಿ, ಇಷ್ಟೆಲ್ಲ ಎಲ್ಲಿಂದ ಬಂತು ಅಂತ ಕೇಳ್ತಾರ. ಅವಾಗ ನಿಮ್ಮೂರ ಹೆಸರು ಹೇಳಾಕ ಬರ್ತೈತಿ,” ಎಂದರು. ಅಡ್ಡಗೋಡೆಯ ಮೇಲೆ ದೀಪ ಇಡುವುದನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ವನಜಮ್ಮನಿಗೆ ಆ ದೀಪವೇ ದೊಡ್ಡ ಬೆಳಕಾಗಿ ಕಂಡಿತು. ಮನೆಗೊಬ್ಬರಂತೆ ಆಳು ಕರೆದು, ಲಗೇಜ್ ಆಟೋ ಗೊತ್ತು ಮಾಡಿ, ಊರಿಗೆ ಊರೇ ಕಾನು ಹೊಕ್ಕಿತು. ಕಾನಿನ ನೆಲದಲ್ಲಿದ್ದ ಕಿರುಗಿಡ, ಬಳ್ಳಿ, ಗೆಡ್ಡೆಗಳೆಲ್ಲ ವಾರ ಕಳೆಯುವುದರೊಳಗೆ ಜಗಲಿ ಸೇರಿದವು. ಸುದ್ದಿ ಹಬ್ಬಿ ಅಕ್ಕಪಕ್ಕದ ಊರಿನವರೂ ತಮ್ಮ ತಮ್ಮ ಕಾನು ಉಳಿಸಿಕೊಳ್ಳಲು ಕಿತ್ತುಕೊಂಡು ಬಂದರು.

ಇದರಿಂದ ಶಿಕಾರಿಪುರದವರಿಗೆ ಅಸಮಾಧಾನವಾಯಿತು. ಟ್ಯಾಬಿನ ನಕ್ಷೆಯಲ್ಲಿ ಸೊರಬದ ಜಗಲಿಯೊಂದೇ ಹಸಿರಾಗಿ, ಶಿಕಾರಿಪುರ ಬೋಳಾಗಿ ಕಾಣುತ್ತಿತ್ತು. ಅಲ್ಲಿನ ಮುಖಂಡ ಗೋಪಾಲಪ್ಪ ತಮ್ಮ ಕಡೆಯ ತಂಗಡಿ, ಕಾರೆ, ಬಾರೆ ಗಿಡಗಳನ್ನು ಹಾರದಂತೆ ಕೊರಳಿಗೆ ಹಾಕಿಕೊಂಡು ಧರಣಿ ಕೂತರು. “ಬ್ರಿಟಿಷರಿಗೇ ಸಡ್ಡು ಹೊಡೆದ ಈಸೂರಿನಂಥ ಊರು ಇರೋ ತಾಲ್ಲೂಕಿಗೆ ಒಂದು ತುಂಬಿ ಗಿಡಾನೂ ಇಲ್ಲಂದ್ರ ಏನ್ರಿ ಅರ್ಥ? ಇದು ಮಲತಾಯಿ ಧೋರಣೆ,” ಎಂದು ಮೈಕಿನಲ್ಲಿ ಕೇಳಿದರು. ತಿಪ್ಪೇಶರಿಗೂ ತವರಿನ ಅಭಿಮಾನವಿತ್ತು. ಮಂಗಳವಾರ ಮತ್ತು ಶುಕ್ರವಾರ ಟ್ಯಾಬನ್ನು ವಿಶೇಷ ವಿಮೆಯೊಂದಿಗೆ ಶಿಕಾರಿಪುರಕ್ಕೆ ಒಯ್ಯುವುದು, ಯಾವ ತಾಲ್ಲೂಕಿಗೂ ಅನ್ಯಾಯವಾಗದಂತೆ ಜಗಲಿಯ ಗಿಡಗಳನ್ನೂ ಜೊತೆಗೆ ಸಾಗಿಸಿ ಅಲ್ಲಿಯೂ ಫೋಟೊ ತೆಗೆಯುವುದು ಎಂದು ತೀರ್ಮಾನವಾಯಿತು. ಗಿಡಗಳು ಹೋಗಿ ಬಂದು ಮಾಡಿದವು. ಈ ಭಾಗದ ಸಸ್ಯಗಳು ಮಂಗಳವಾರ ಮತ್ತು ಶುಕ್ರವಾರಗಳಂದು ಪೂರ್ವಕ್ಕೆ ವಲಸೆ ಹೋಗುವ ಸ್ವಭಾವ ಹೊಂದಿದ್ದು, ಸಂಜೆಯೊಳಗೆ ಹಿಂದಿರುಗುತ್ತವೆ ಎಂದು ಕೇಂದ್ರದ ವೈಜ್ಞಾನಿಕ ವರದಿಯಲ್ಲಿ ದಾಖಲಾಗಿದೆ. ಇಂತಹ ನಡವಳಿಕೆ ಪ್ರಪಂಚದ ಬೇರೆಲ್ಲೂ ಕಂಡುಬಂದಿಲ್ಲ ಎಂಬ ಷರಾ ಕೂಡ ಇದೆ.

ಟ್ಯಾಬಿಗೆ ವಿಮೆ ಸಿಕ್ಕಿತೆಂದು ಕೇಳಿ ವನಜಮ್ಮ ಓಡಿಬಂದಳು. ಆದರೆ ಆ ವಿಮೆ ಪೂರ್ವ ದಿಕ್ಕಿಗೆ ಮಾತ್ರ ಅನ್ವಯವಾಗುತ್ತಿತ್ತು. ತಾರೆಕೊಪ್ಪ ಇರುವುದು ಉತ್ತರಕ್ಕೆ.

ಅಷ್ಟರಲ್ಲಿ ಮೇಲಿನವರು ಬಂದರು. ತಜ್ಞರ ತಂಡ ಜಗಲಿಯ ಮುಂದೆ ಕಾರು ನಿಲ್ಲಿಸಿ, ಎಳನೀರು ಕುಡಿದು, ರಾಶಿಯನ್ನು ವೀಕ್ಷಿಸಿತು. ಇಷ್ಟು ಕಿರಿದಾದ ಜಾಗದಲ್ಲಿ ಇಷ್ಟು ಬಗೆಯ ಕಾಡುಗಿಡ ಇರುವುದನ್ನು ಅವರು ತಮ್ಮ ಸೇವಾವಧಿಯಲ್ಲಿ ಕಂಡಿರಲಿಲ್ಲ. ಗಿಡಗಳು ಒಣಗಿ ಎಲೆ ಉದುರಿಸುತ್ತಿದ್ದುದನ್ನು ನೋಡಿ ಇದು ಎಲೆ ಉದುರಿಸುವ ಜಾತಿಯ ಕಾಡು ಎಂದು ವರ್ಗೀಕರಿಸಿದರು. ವನಜಮ್ಮ ಗುಂಪಿನ ಹಿಂದಿನಿಂದ ಕೈ ಎತ್ತಿ, ಇಷ್ಟೂ ಎಲ್ಲಿಂದ ಬಂತು ಅಂತ ಕೇಳಿ ಸಾರ್ ಎಂದಳು. ಅವರು ಕೇಳಲಿಲ್ಲ. ಎಲ್ಲಿಂದ ಎಂಬುದು ಟ್ಯಾಬಿನಲ್ಲೇ ಇತ್ತಲ್ಲ. ಜಗಲಿಯನ್ನು ‘ವಿಶೇಷ ಸಂರಕ್ಷಿತ ಸಸ್ಯ ನೆಲೆ’ ಎಂದು ಘೋಷಿಸಿ, ತಿಪ್ಪೇಶರಿಗೆ ಶಾಲು ಹೊದಿಸಿ ಹೋದರು.

ಮೂರನೆಯ ದಿನ ಮೈತ್ರಿಯ ತೋಳಿನಲ್ಲಿ ಉಣುಗು ಕಂಡಿತು. ಗಿಡದ ಜೊತೆ ಬಂದದ್ದು. ಮುರುಗಲು ಹಣ್ಣಿನ ವಾಸನೆಗೆ ಒಂದು ಮಂಗವೂ ಬಂದು ಮೇಜಿನ ಮೇಲೆ ಕೂತಿತು. ನಿಯಮದಂತೆ ಜಗಲಿಯೂ ಸಿಬ್ಬಂದಿ ಕಾಲಿಡಬಾರದ ಕಾಡಾಯಿತು. ಸರಪಳಿ ಎಳೆದು, ಕಾವಲುಗಾರನನ್ನು ನೇಮಿಸಿ, ಕಚೇರಿಯನ್ನು ಎದುರಿನ ಹೋಟೆಲಿನ ಒಳಕೋಣೆಗೆ ಸ್ಥಳಾಂತರಿಸಲಾಯಿತು. ಅಲ್ಲಿ ಬೋಂಡಾ ಬಿಸಿಯಾಗಿ ಸಿಗುತ್ತಿದ್ದುದರಿಂದ ಸಿಬ್ಬಂದಿಯ ಕಾರ್ಯಕ್ಷಮತೆ ಹೆಚ್ಚಿತು.

ಅವಧಿ ಮುಗಿಯಿತು. ತಾರೆಕೊಪ್ಪದ ಕಾನಿನ ಎದುರು ‘ಸಸ್ಯರಹಿತ’ ಎಂದು ಬಂತು. ವನಜಮ್ಮ ಹೋಟೆಲಿನ ಒಳಕೋಣೆಗೆ ನುಗ್ಗಿದಳು. ಸಿಟ್ಟಿಗೆ ಅವಳ ಸೆರಗು ಜಾರಿದ್ದೂ ಅವಳಿಗೆ ತಿಳಿಯಲಿಲ್ಲ.

“ನಮ್ ಕಾನು ಉಳಿಸ್ತೀವಿ ಅಂತ ನಮ್ ಕೈಯಾಗೇ ಕೀಳಿಸಿದ್ರಲ್ಲ ಸರ್. ನಿಮಗೆ ಒಳ್ಳೇದಾಗ್ತೈತಾ?”

“ವನಜಮ್ಮನವ್ರೇ, ಕುಂದರ್ರಿ. ಚಾ ಕುಡೀರಿ,” ಎಂದರು ತಿಪ್ಪೇಶ. “ಕಾನಿನ ಗಿಡ ಕಿತ್ತು ಜಗಲಿಗೆ ತಂದವರು ಯಾರು?”

“ನಾವೇ.”

“ಅಂದ ಮ್ಯಾಲ ಕಾನಿನ ಗಿಡ ಎಲ್ಲಿ ಅದಾವ?”

ವನಜಮ್ಮ ಬಾಯಿ ತೆರೆಯುವಷ್ಟರಲ್ಲಿ ಚಹಾ ಬಂತು.

ಹಸಿರೀಕರಣದ ಗುತ್ತಿಗೆ ಸಿಕ್ಕಿದ್ದು ದೇವರಾಜ ಎಂಬವರಿಗೆ. ಅವರಿಗೆ ಸಾಮಿಲ್ಲೂ ಇತ್ತು, ಹಸಿರಿನ ಬಗ್ಗೆ ಅಪಾರ ಕಾಳಜಿಯೂ ಇತ್ತು. ಸಸ್ಯರಹಿತ ಜಾಗದಲ್ಲಿ ಅಕೇಶಿಯಾ ಸಸಿ ನೆಡಬೇಕಾದರೆ ಮೊದಲು ಅಲ್ಲಿನ ಮರಗಳನ್ನು ತೆಗೆಯಬೇಕಿತ್ತು. ಯಂತ್ರದ ಗರಗಸದ ಸದ್ದು ಕೇಳಿ ಹೂವಪ್ಪ ಕಾನಿಗೆ ಓಡಿದ. ದೇವರಾಜ ಒಂದು ಹಾಲುಮಡ್ಡಿ ಮರಕ್ಕೆ ಒರಗಿ ನಿಂತಿದ್ದರು.

“ಈ ಮರ ಕಡಿಯಾಕೆ ನಿಮಗೆ ಪರ್ಮಿಷನ್ ಐತಾ?” ಎಂದ ಹೂವಪ್ಪ.

“ಯಾವ ಮರ ಯಜಮಾನ್ರೇ?”

“ನೀವು ಒರಗಿ ನಿಂತೀರಲ್ಲ, ಇದು.”

ದೇವರಾಜ ಮರದಿಂದ ಬೆನ್ನು ತೆಗೆದು, ಗೌರವದಿಂದಲೇ ಉತ್ತರಿಸಿದರು. “ದಾಖಲೆ ಪ್ರಕಾರ ಇಲ್ಲಿ ಏನೂ ಇಲ್ಲ. ಇಲ್ಲದ್ದನ್ನ ಕಡೀತೀನಿ ಅಂತ ಅರ್ಜಿ ಹಾಕಿದ್ರೆ ನನ್ನ ತಲೆ ಕೆಟ್ಟಿದೆ ಅಂತಾರೆ. ನಂಗೂ ಊರಲ್ಲಿ ಮರ್ಯಾದೆ ಇದೆ, ನೋಡಿ.”

ದಿಮ್ಮಿ ತುಂಬಿದ ಲಾರಿಗಳು ಸಾಲಾಗಿ ಹೊರಟವು. ಸಸ್ಯರಹಿತ ಪ್ರದೇಶದಿಂದ ಬಂದ ಲಾರಿಯಲ್ಲಿ ಮರ ಇರಲು ಸಾಧ್ಯವಿಲ್ಲದ್ದರಿಂದ ಚೆಕ್‌ಪೋಸ್ಟಿನಲ್ಲಿ ಅವುಗಳನ್ನು ಖಾಲಿ ಲಾರಿ ಎಂದು ಬರೆದು ಗೇಟು ಎತ್ತಿದರು. ಖಾಲಿ ಲಾರಿಗಳು ಏರಿನಲ್ಲಿ ಏದುಸಿರು ಬಿಡುತ್ತಿದ್ದವು. ಹೂವಪ್ಪ ಒಂದರ ಮುಂದೆ ಅಡ್ಡ ಮಲಗಿದ. ಖಾಲಿ ಲಾರಿ ತಡೆದು ಸಾರ್ವಜನಿಕ ಸಂಚಾರಕ್ಕೆ ಅಡ್ಡಿಪಡಿಸಿದ ಎಂದು ಆತನ ಮೇಲೆ ಕೇಸಾಯಿತು. ಇಂದಿಗೂ ಆತ ಕೋರ್ಟಿಗೆ ಹೋಗಿ ಬರುತ್ತಾನೆ. ಲಾರಿಯಲ್ಲಿ ಮರ ಇತ್ತು ಎಂದು ರುಜುವಾತು ಮಾಡಿದರೆ ಬಿಡುಗಡೆಯಂತೆ, ಆದರೆ ಹಾಗೆ ಮಾಡಿದರೆ ಮರ ಕಡಿದ ಕೇಸಿಗೆ ಆತನೇ ಸಾಕ್ಷಿಯಾಗಿ ಇನ್ನಷ್ಟು ಅಲೆಯಬೇಕು ಎಂದು ವಕೀಲರು ಹೆದರಿಸಿದ್ದಾರೆ.

ಮೊದಲ ಬೇಸಿಗೆಯಲ್ಲೇ ಒರತೆ ಬತ್ತಿತು. ಪೈಪಿನಿಂದ ಎರಡು ದಿನ ಕೆಸರು, ಆಮೇಲೆ ಗಾಳಿ ಬಂತು. ವನಜಮ್ಮ ಅಂದು ತೊಟ್ಟಿಯ ಕಟ್ಟೆಯ ಮೇಲೆ ಕೂತು ಗಟ್ಟಿಯಾಗಿ ಅತ್ತಳು. ಯಾರು ಸಮಾಧಾನ ಮಾಡಿದರೂ ನಿಲ್ಲಿಸಲಿಲ್ಲ. ನನ್ನ ಕೈಯಾರೆ ಕಿತ್ತೆ, ನನ್ನ ಕೈಯಾರೆ ಎಂದು ಅಷ್ಟೇ ಹೇಳಿದಳು. ಮರುದಿನ ಮುಖ ತೊಳೆಯಲು ನೀರಿಲ್ಲದೆ, ಹಾಗೆಯೇ ಹೋಗಿ ಅರ್ಜಿ ಕೊಟ್ಟು ಬಂದಳು.

ಕೇಂದ್ರವು ಅರ್ಜಿಯನ್ನು ಕೂಲಂಕಷವಾಗಿ ಪರಿಶೀಲಿಸಿ ಹಿಂಬರಹ ಕೊಟ್ಟಿತು. “ಸದರಿ ಗ್ರಾಮದ ನೀರಿನ ಮೂಲವು ಗ್ರಾಮದ ಕಾನು ಎಂದು ಅರ್ಜಿದಾರರೇ ಒಪ್ಪಿಕೊಂಡಿರುತ್ತಾರೆ. ಸದರಿ ಕಾನಿನ ಸಸ್ಯಗಳು ಪ್ರಸ್ತುತ ಕೇಂದ್ರದ ಜಗಲಿಯಲ್ಲಿರುವುದು ದಾಖಲೆಯಿಂದ ಕಂಡುಬರುತ್ತದೆ. ಆದ್ದರಿಂದ ಗ್ರಾಮಸ್ಥರು ತಮ್ಮ ಪಾಲಿನ ನೀರನ್ನು ಜಗಲಿಯಿಂದ ಪಡೆಯಲು ಹಕ್ಕುಳ್ಳವರಾಗಿರುತ್ತಾರೆ.” ಹಕ್ಕು ಎಂಬ ಪದ ಊರಿನವರಿಗೆ ಹಿಡಿಸಿತು. ಕೇಂದ್ರದವರು ಜಗಲಿಯ ಪಕ್ಕಕ್ಕೆ ಪಟ್ಟಣದ ಪೈಪಿನಿಂದ ಒಂದು ನಲ್ಲಿ ಹಾಕಿಸಿ, ಅದಕ್ಕೆ ‘ಕಾನಿನ ಒರತೆ’ ಎಂದು ಹೆಸರು ಬರೆಸಿ, ಗೋಪಾಲಪ್ಪನವರಿಂದಲೇ ಉದ್ಘಾಟನೆ ಮಾಡಿಸಿದರು. ಮಂಗಳವಾರ ಮತ್ತು ಶುಕ್ರವಾರ ಗಿಡಗಳು ದಾಖಲೆಯ ಪ್ರಕಾರ ಶಿಕಾರಿಪುರದಲ್ಲಿರುವುದರಿಂದ ಆ ದಿನಗಳಲ್ಲಿ ನಲ್ಲಿ ಬಂದ್.

ಈಗ ತಾರೆಕೊಪ್ಪದ ಹೆಂಗಸರು ಬೆಳಗಿನ ಜಡೆ ಬಸ್ಸಿಗೆ ಕೊಡ ಹಿಡಿದು ಹತ್ತುತ್ತಾರೆ. ಖಾಲಿ ಕೊಡಕ್ಕೆ ಕಂಡಕ್ಟರ್ ಏನೂ ಕೇಳುವುದಿಲ್ಲ, ತುಂಬಿದ ಕೊಡಕ್ಕೆ ಲಗೇಜ್ ಚೀಟಿ ಹರಿಯುತ್ತಾನೆ. ಜಗಲಿಯ ಮೇಲೆ ಗಿಡಗಳೆಂಬುವು ಈಗ ಬರೀ ಕಡ್ಡಿ ಪುಡಿ. ಆದರೂ ಕಾವಲುಗಾರ ಚಪ್ಪಲಿ ಬಿಟ್ಟು ಬನ್ನಿ, ದೇವರ ಕಾಡು ಎನ್ನುತ್ತಾನೆ, ಹೆಂಗಸರು ಬಿಡುತ್ತಾರೆ. ಮೊದಮೊದಲು ವನಜಮ್ಮ ನೀರು ಹಿಡಿಯುವಾಗ ಶಾಪ ಹಾಕುತ್ತಿದ್ದಳು. ಸಾಲಿನಲ್ಲಿ ಗಲಾಟೆಯಾಗುತ್ತದೆಂದು ತಿಪ್ಪೇಶರು ಅವಳನ್ನೇ ‘ಒರತೆ ಬಳಕೆದಾರರ ಸಂಘ’ದ ಅಧ್ಯಕ್ಷೆ ಮಾಡಿ, ಎದೆಗೆ ಚುಚ್ಚಿಕೊಳ್ಳುವ ಒಂದು ಬಿಲ್ಲೆ ಕೊಟ್ಟರು. ಅಂದಿನಿಂದ ಶಾಪ ಹಾಕಲು ಅವಳಿಗೆ ಪುರುಸೊತ್ತಾಗಿಲ್ಲ. ಸಾಲು ನೋಡಿಕೊಳ್ಳಬೇಕಲ್ಲ.

ಮೊನ್ನೆ ಊರಿಗೆ ಹೊಸದಾಗಿ ಸೊಸೆಯಾಗಿ ಬಂದ ನಾಗಶ್ರೀ ಮೊದಲ ಸಲ ಕೊಡ ಹಿಡಿದು ಬಂದಿದ್ದಳು. ಬಿಸಿಲಿಗೆ ನಿಂತು ನಿಂತು ಅವಳಿಗೆ ರೇಗಿತು.

“ಅಲ್ಲ ಅತ್ತೆ, ಕುಡಿಯೋ ನೀರಿಗೆ ಬಸ್ಸಲ್ಲಿ ಸೊರಬಕ್ಕೆ ಬರೋದಾ? ಊರಿಗೇ ನೀರು ಕೊಡಿ ಅಂತ ಯಾರೂ ಕೇಳೋದಿಲ್ವಾ?”

ವನಜಮ್ಮ ಬಿಲ್ಲೆ ನೆಟ್ಟಗೆ ಮಾಡಿಕೊಂಡು, ಹುಡುಗಿಗೆ ಏನೂ ತಿಳಿಯದೆಂಬ ಕನಿಕರದಿಂದ ನೋಡಿದಳು.

“ಕಾಡಿಲ್ಲದ ಊರಾಗೆ ನೀರು ಹೆಂಗೆ ಬರ್ತೈತೆ ಮಗಾ? ನಿಮ್ಮ ಕಡೆ ಇಷ್ಟೂ ಹೇಳ್ಕೊಟ್ಟಿಲ್ವಾ? ಸಾಲು ಬಿಟ್ಟು ನಿಂತಿದೀಯ, ಆ ಕಡೆ ಸರಿ.”

ನಾಗಶ್ರೀ ಸರಿದು ನಿಂತಳು.